ಟೈಮರ್ ಹಾಕಿದರೂ ಮೊದಲ ಟ್ಯೂಬಿಗೂ ಕೊನೆಯ ಟ್ಯೂಬಿಗೂ ರೀಡಿಂಗ್ ಬೇರೆ ಬರುತ್ತಿದೆ

ಹೊಸ ಕ್ಯುವೆಟ್

ಎಲ್ಲರಿಗೂ ನಮಸ್ಕಾರ. ನೀರು ಪರೀಕ್ಷೆ ಮಾಡುವ ಲ್ಯಾಬಿಗೆ ಸೇರಿ ನಾಲ್ಕು ತಿಂಗಳಾಯಿತು. ಫಾಸ್ಫೇಟ್ ಪರೀಕ್ಷೆ ನನ್ನ ಪಾಲಿಗೆ ಬಂದಿದೆ. ಎರಡು ವಾರದಿಂದ ಒಂದು ಸಮಸ್ಯೆ ತಲೆ ತಿನ್ನುತ್ತಿದೆ.

ಒಂದು ಸಲಕ್ಕೆ 12 ಟ್ಯೂಬ್ ಮಾಡುತ್ತೇನೆ. ಮೊದಲನೆಯದೂ ಕೊನೆಯದೂ ಚೆಕ್ ಸ್ಟ್ಯಾಂಡರ್ಡ್, ಅಂದರೆ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ದ್ರಾವಣ, ಲೀಟರಿಗೆ 0.5 ಮಿಲಿಗ್ರಾಂ ರಂಜಕ ಇರುವುದು. ಎರಡನ್ನೂ ಒಂದೇ ಬಾಟಲಿಯಿಂದ, ಒಂದೇ ಪೈಪೆಟ್ಟಿನಿಂದ ತೆಗೆಯುತ್ತೇನೆ. ಇವತ್ತು ಮೊದಲನೆಯದು 0.43 ಬಂತು, ಕೊನೆಯದು 0.49. ನಿನ್ನೆಯೂ ಹೀಗೇ. ಯಾವಾಗಲೂ ಮೊದಲನೆಯದೇ ಕಡಿಮೆ.

ಕ್ಯುವೆಟ್ (ಓದಲು ಉಪಕರಣದೊಳಗೆ ಇಡುವ ಸಣ್ಣ ಪಾರದರ್ಶಕ ಪಾತ್ರೆ) ಒರೆಸಿದ್ದೇನೆ, ಗುಳ್ಳೆ ಇಲ್ಲ, ಬ್ಲ್ಯಾಂಕ್ (ಫಾಸ್ಫೇಟ್ ಇಲ್ಲದ ಹೋಲಿಕೆ ನೀರು) ಸರಿ ಇದೆ. ಬಣ್ಣ ಎಷ್ಟು ಗಾಢ ಅಂತ ಅಳೆಯುವ ಫೋಟೋಮೀಟರಿನ ಟೈಮರ್ ಕೂಡ ತಪ್ಪದೆ ಹಾಕುತ್ತೇನೆ. ಟೈಮರ್ ಹಾಕಿದ ಮೇಲೂ ಹೀಗೇಕೆ? ಉಪಕರಣ ಕೆಟ್ಟಿದೆಯಾ?

ಹಳೆಯ ಪೈಪೆಟ್

ಉಪಕರಣದ ಮೇಲೆ ಅನುಮಾನ ಪಡುವ ಮೊದಲು ನಾಲ್ಕು ವಿಷಯ ಹೇಳಿ. ಒಂದು ಟ್ಯೂಬಿಗೆ ರೀಏಜೆಂಟ್ (ಬಣ್ಣ ಬರಿಸುವ ರಾಸಾಯನಿಕ) ಹಾಕಿ ಕಲಸಲು ಎಷ್ಟು ಹೊತ್ತು ಬೇಕು? ಟೈಮರ್ ಯಾವಾಗ ಒತ್ತುತ್ತೀರಿ, ಮೊದಲ ಟ್ಯೂಬಿಗೆ ಹಾಕಿದಾಗಲೋ ಕೊನೆಯದಕ್ಕೆ ಹಾಕಿದಾಗಲೋ? ಎಷ್ಟು ನಿಮಿಷಕ್ಕೆ ಇಡುತ್ತೀರಿ? ಒಂದು ಟ್ಯೂಬ್ ಓದಲು ಎಷ್ಟು ಹೊತ್ತು?

ರೀಏಜೆಂಟ್ ಪುಡಿಯೋ, ಲ್ಯಾಬಿನಲ್ಲೇ ಮಾಡಿದ ದ್ರವವೋ ಅದನ್ನೂ ಹೇಳಿ.

ಹೊಸ ಕ್ಯುವೆಟ್

ರೀಏಜೆಂಟ್ ಲ್ಯಾಬಿನಲ್ಲೇ ಮಾಡಿದ್ದು. ಸಲ್ಫ್ಯೂರಿಕ್ ಆಸಿಡ್, ಮೊಲಿಬ್ಡೇಟ್, ಆಂಟಿಮನಿ ಟಾರ್ಟ್ರೇಟ್, ಅಸ್ಕಾರ್ಬಿಕ್ ಆಸಿಡ್ ಎಲ್ಲ ಸೇರಿಸಿದ ದ್ರವ. ದಿನಾ ಹೊಸದಾಗಿ ಬೆರೆಸುತ್ತೇನೆ. ಒಂದು ಟ್ಯೂಬಿಗೆ ಹಾಕಿ ಕಲಸಲು 15 ಸೆಕೆಂಡ್. ಹನ್ನೆರಡಕ್ಕೂ ಹಾಕಿದ ಮೇಲೆ ಟೈಮರ್ ಒತ್ತುತ್ತೇನೆ. ಉಪಕರಣದ ಫಾಸ್ಫೇಟ್ ಪ್ರೋಗ್ರಾಮ್ ತೆರೆದರೆ ಟೈಮರ್ 2 ನಿಮಿಷ ಅಂತ ತಾನೇ ತೋರಿಸುತ್ತದೆ. ಅದನ್ನೇ ಬಳಸುತ್ತೇನೆ. ಬೀಪ್ ಆದ ಮೇಲೆ ಅಬ್ಸಾರ್ಬೆನ್ಸ್ (ದ್ರವ ಎಷ್ಟು ಬೆಳಕು ಹೀರಿತು ಅನ್ನುವ ಅಂಕಿ) ಓದಿ, ಗೊತ್ತಿರುವ ದ್ರಾವಣಗಳನ್ನು ಓದಿ ಎಳೆದ ನಮ್ಮದೇ ಕ್ಯಾಲಿಬ್ರೇಷನ್ ಗೆರೆಯಿಂದ ಲೆಕ್ಕ ಹಾಕುತ್ತೇನೆ. ಒರೆಸಿ, ಇಟ್ಟು, ಓದಿ, ಬರೆಯಲು ಒಂದೊಂದಕ್ಕೆ 40 ಸೆಕೆಂಡ್ ಹಿಡಿಯುತ್ತದೆ.

ಹಳೆಯ ಪೈಪೆಟ್

ಹಾಗಾದರೆ ಉಪಕರಣ ಸರಿಯಾಗೇ ಇದೆ. ನಿಮ್ಮ ಲೆಕ್ಕವನ್ನೇ ಮುಂದಿಟ್ಟು ನೋಡೋಣ.

ಮೊದಲ ಟ್ಯೂಬಿಗೆ ರೀಏಜೆಂಟ್ ಬಿದ್ದ ಕ್ಷಣ ಸೊನ್ನೆ ಅಂತಿಟ್ಟುಕೊಳ್ಳಿ. 15 ಸೆಕೆಂಡಿಗೊಂದರಂತೆ ಹೋದರೆ ಹನ್ನೆರಡನೆಯದಕ್ಕೆ ಬೀಳುವುದು 2 ನಿಮಿಷ 45 ಸೆಕೆಂಡಿಗೆ. ಆಮೇಲೆ ಟೈಮರ್ 2 ನಿಮಿಷ. ಅಂದರೆ ಮೊದಲ ಟ್ಯೂಬ್ ಓದುವಾಗ ಅದರ ವಯಸ್ಸು 4 ನಿಮಿಷ 45 ಸೆಕೆಂಡ್. ಅಲ್ಲಿಂದ 40 ಸೆಕೆಂಡಿಗೊಂದು ಓದುತ್ತಾ ಹೋದರೆ ಹನ್ನೆರಡನೆಯದನ್ನು ಓದುವ ಹೊತ್ತಿಗೆ ಗಡಿಯಾರದಲ್ಲಿ 12 ನಿಮಿಷ 5 ಸೆಕೆಂಡ್. ಅದಕ್ಕೆ ರೀಏಜೆಂಟ್ ಬಿದ್ದದ್ದು 2:45ಕ್ಕೆ. ಕಳೆದರೆ ಅದರ ವಯಸ್ಸು 9 ನಿಮಿಷ 20 ಸೆಕೆಂಡ್.

ಟೈಮರ್ ತೋರಿಸಿದ್ದು 2 ನಿಮಿಷ. ಆದರೆ ನಿಮ್ಮ ಯಾವ ಟ್ಯೂಬೂ 2 ನಿಮಿಷದ್ದಲ್ಲ. ಒಂದೊಂದರ ವಯಸ್ಸೂ ಬೇರೆ. ನೀಲಿ ಬಣ್ಣ ಇನ್ನೂ ಏರುತ್ತಿರುವಾಗ ಓದಿದ್ದೀರಿ. ಅದಕ್ಕೇ ಮೊದಲನೆಯದು ಕಡಿಮೆ, ಕೊನೆಯದು ಜಾಸ್ತಿ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಆ 2 ನಿಮಿಷ ನಿಮ್ಮ ರೀಏಜೆಂಟಿಗೆ ಸೇರಿದ್ದೇ ಅಲ್ಲ. ಉಪಕರಣದೊಳಗಿನ ಪ್ರೋಗ್ರಾಮನ್ನು ಒಂದು ನಿರ್ದಿಷ್ಟ ಪುಡಿ ಪೊಟ್ಟಣಕ್ಕಾಗಿ ಬರೆದಿರುತ್ತಾರೆ. ಅದರಲ್ಲಿನ ಸಮಯ ಆ ಪೊಟ್ಟಣದ್ದು. ನೀವು ಬಳಸುತ್ತಿರುವುದು 1962ರಲ್ಲಿ ಮರ್ಫಿ ಮತ್ತು ರೈಲಿ ಪ್ರಕಟಿಸಿದ ಪದ್ಧತಿಯ ದ್ರವ. ಅದರ ನಿಯಮ ಬೇರೆ: ಕನಿಷ್ಠ 10 ನಿಮಿಷ ಬಿಡಬೇಕು, 30 ನಿಮಿಷ ದಾಟಬಾರದು, 880 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಓದಬೇಕು. ಆಂಟಿಮನಿ ಹಾಕುವುದೇ ಬಣ್ಣ ಬೇಗ ಬರಲಿ ಅಂತ. ಅದಿದ್ದರೂ 10 ನಿಮಿಷ ಬೇಕು.

ಪ್ರೋಗ್ರಾಮ್ ತೆರೆದ ಕೂಡಲೇ ಟೈಮರ್ ಎದ್ದು ಬಂದರೆ ಅದೇ ಸರಿ ಅನ್ನಿಸುವುದು ಸಹಜ. ಆದರೆ ಟ್ಯೂಬಿನಲ್ಲಿ ಏನಿದೆ ಅನ್ನುವುದು ಟೈಮರಿಗೆ ಗೊತ್ತಿಲ್ಲ. ನಮಗೆ ಗೊತ್ತಿರಬೇಕು.

ಬಣ್ಣ ನಿಲ್ಲಲಿ

ನಾನು ಟೈಮರ್ ಬಳಸುವುದೇ ಇಲ್ಲ. ರೀಏಜೆಂಟ್ ಹಾಕಿ ಅರ್ಧ ಗಂಟೆ ಬಿಡುತ್ತೇನೆ. ಅಷ್ಟರಲ್ಲಿ ಬಣ್ಣ ಪೂರ್ತಿ ಬಂದು ನಿಂತಿರುತ್ತದೆ. ಮೊದಲ ಟ್ಯೂಬೋ ಕೊನೆಯ ಟ್ಯೂಬೋ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಕಬ್ಬಿಣಕ್ಕೆ ಫಿನಾಂತ್ರೊಲಿನ್ ಹಾಕಿ ಬೆಳಗ್ಗೆ ಓದಿದ್ದನ್ನೇ ಸಂಜೆ ಓದಿ ನೋಡಿದ್ದೇನೆ, ಒಂದಿಷ್ಟೂ ಅಲುಗಿಲ್ಲ. ಇಷ್ಟಕ್ಕೆಲ್ಲ ಸೆಕೆಂಡ್ ಲೆಕ್ಕ ಯಾಕೆ?

ಕ್ಲೋರಿನ್ ಕಾವಲು

ಕಬ್ಬಿಣದ ವಿಷಯದಲ್ಲಿ ನಿಮ್ಮ ಮಾತು ನಿಜ. ಆ ಕಿತ್ತಳೆ ಕೆಂಪು ಬಣ್ಣ ತಿಂಗಳುಗಟ್ಟಲೆ ನಿಲ್ಲುತ್ತದೆ. ಆದರೆ ಅದನ್ನೇ ಎಲ್ಲ ಪರೀಕ್ಷೆಗೂ ನಿಯಮ ಮಾಡಬೇಡಿ, ದಯವಿಟ್ಟು. ನಾನು ದಿನಾ ಮಾಡುವ ಡಿಪಿಡಿ (ಕ್ಲೋರಿನ್ ಇದ್ದರೆ ಗುಲಾಬಿಯಾಗುವ ರಾಸಾಯನಿಕ) ಕ್ಲೋರಿನ್ ಪರೀಕ್ಷೆಯಲ್ಲಿ ಅರ್ಧ ಗಂಟೆ ಬಿಟ್ಟರೆ ಬರುವ ಅಂಕಿಗೆ ಅರ್ಥವೇ ಇಲ್ಲ.

ಫ್ರೀ ಕ್ಲೋರಿನ್, ಅಂದರೆ ಬೇರೆ ಯಾವುದಕ್ಕೂ ಸೇರದೆ ಉಳಿದ ಕ್ಲೋರಿನ್, ಓದುವುದು ರೀಏಜೆಂಟ್ ಹಾಕಿದ ಒಂದು ನಿಮಿಷದೊಳಗೆ. ಯಾಕೆಂದರೆ ನೀರಿನಲ್ಲಿ ಮೊನೋಕ್ಲೋರಮಿನ್ (ಕ್ಲೋರಿನ್ ಅಮೋನಿಯಾ ಜೊತೆ ಸೇರಿ ಆದದ್ದು) ಇದ್ದರೆ ಅದೂ ನಿಧಾನವಾಗಿ ಡಿಪಿಡಿ ಜೊತೆ ಸೇರಿ ಗುಲಾಬಿ ಬಣ್ಣ ಕೊಡುತ್ತದೆ. ಹೊತ್ತು ಹೋದಷ್ಟೂ ಇಲ್ಲದ ಫ್ರೀ ಕ್ಲೋರಿನ್ ಇದೆ ಅಂತ ತೋರಿಸುತ್ತದೆ. ಕುಡಿಯುವ ನೀರಿನಲ್ಲಿ ಇದು ಸಣ್ಣ ತಪ್ಪಲ್ಲ. ಸೋಂಕು ತಡೆಯುವ ಶಕ್ತಿ ಕಡಿಮೆ ಇರುವ ನೀರನ್ನು ಸರಿ ಇದೆ ಅಂತ ಬಿಟ್ಟುಬಿಡುತ್ತೇವೆ.

ಸೇರಿದ್ದೂ ಸೇರದ್ದೂ ಒಟ್ಟಾದ ಟೋಟಲ್ ಕ್ಲೋರಿನ್ ಆದರೆ ಪೊಟಾಷಿಯಂ ಅಯೋಡೈಡ್ ಇರುವ ರೀಏಜೆಂಟ್. ಅಲ್ಲಿ ಸುಮಾರು 3 ನಿಮಿಷ ಕಾಯಲೇಬೇಕು. ಒಂದೇ ನೀರು, ಒಂದೇ ಬಣ್ಣ, ಒಂದೇ ಉಪಕರಣ. ಒಂದಕ್ಕೆ ಕಾಯಬಾರದು, ಇನ್ನೊಂದಕ್ಕೆ ಕಾಯಬೇಕು.

ಇನ್ನೊಂದು ವಿಷಯ, ಹೊಸಬರಿಗೆ ಇದು ಬೇಕು. ರೀಏಜೆಂಟ್ ಬಿದ್ದ ಕೂಡಲೇ ಗುಲಾಬಿ ಬಣ್ಣ ಮಿಂಚಿ ಮಾಯವಾದರೆ ಕ್ಲೋರಿನ್ ಇಲ್ಲ ಅಂತ ಬರೆಯಬೇಡಿ. ಕ್ಲೋರಿನ್ ತುಂಬಾ ಜಾಸ್ತಿ ಇದ್ದಾಗ ಡಿಪಿಡಿ ಇನ್ನೂ ಮುಂದಕ್ಕೆ ಉತ್ಕರ್ಷಣಗೊಂಡು ಬಣ್ಣವಿಲ್ಲದ ವಸ್ತುವಾಗುತ್ತದೆ. ಟೈಮರ್ ಮುಗಿಯುವವರೆಗೆ ಬೇರೆ ಕಡೆ ನೋಡುತ್ತಾ ನಿಂತರೆ ಆ ಮಿಂಚು ಕಾಣುವುದೇ ಇಲ್ಲ, ಉಪಕರಣ ಮಾತ್ರ ಕಡಿಮೆ ಅಂಕಿ ತೋರಿಸುತ್ತದೆ. ಅನುಮಾನ ಬಂದರೆ ಕ್ಲೋರಿನ್ ಇಲ್ಲದ ನೀರು ಬೆರೆಸಿ ಮತ್ತೆ ಮಾಡಿ.

ಬಣ್ಣ ನಿಲ್ಲಲಿ

ಒಪ್ಪಿದೆ. ನಾನು ಜಾಸ್ತಿ ಮಾಡುವುದು ಕಬ್ಬಿಣ ಮತ್ತು ನೈಟ್ರೈಟ್. ನೈಟ್ರೈಟಿನ ಬಣ್ಣವೂ 10 ನಿಮಿಷದಿಂದ 2 ಗಂಟೆಯೊಳಗೆ ಯಾವಾಗ ಓದಿದರೂ ಆಗುತ್ತದೆ. ಹಾಗಾಗಿ ಈ ತೊಂದರೆ ನನಗೆ ಎದುರಾಗಿರಲಿಲ್ಲ. ಸಿಲಿಕಾ ಶುರು ಮಾಡಬೇಕು ಅಂದುಕೊಂಡಿದ್ದೇನೆ. ಅದರಲ್ಲಿ ಹೇಗೆ?

ಹಳೆಯ ಪೈಪೆಟ್

ಸಿಲಿಕಾದಲ್ಲಿ ಎರಡು ಗಡಿಯಾರ ಬೇಕು. ಆಸಿಡ್ ಮತ್ತು ಮೊಲಿಬ್ಡೇಟ್ ಒಂದರ ಹಿಂದೊಂದು ಬೇಗ ಹಾಕಿ, ಕಲಸಿ, 5ರಿಂದ 10 ನಿಮಿಷ ಬಿಡಿ. ಹಳದಿ ಬಣ್ಣ ಬರುತ್ತದೆ. ನೀರಿನಲ್ಲಿ ಫಾಸ್ಫೇಟ್ ಇದ್ದರೆ ಅದೂ ಹಳದಿಯೇ ಕೊಡುತ್ತದೆ. ಅದನ್ನು ಕೆಡಿಸಲು ಆಕ್ಸಾಲಿಕ್ ಆಸಿಡ್ ಹಾಕುತ್ತೇವೆ. ಅದು ಬಿದ್ದ ಕ್ಷಣದಿಂದ ಎರಡನೇ ಗಡಿಯಾರ ಶುರು. 2 ನಿಮಿಷ ಆದ ಮೇಲೆ, 15 ನಿಮಿಷ ಆಗುವ ಮೊದಲು 410 ನ್ಯಾನೋಮೀಟರಿನಲ್ಲಿ ಓದಬೇಕು. ಬೇಗ ಓದಿದರೆ ಫಾಸ್ಫೇಟಿನ ಬಣ್ಣ ಉಳಿದಿರಬಹುದು. ತಡವಾದರೆ ನಮಗೆ ಬೇಕಾದ ಸಿಲಿಕಾದ ಬಣ್ಣವೂ ಇಳಿಯಲು ಶುರುವಾಗುತ್ತದೆ.

ಇಲ್ಲಿ ಎಷ್ಟೋ ಜನ ಮೊದಲ ಟೈಮರಿನಲ್ಲೇ ಎರಡನ್ನೂ ಎಣಿಸಿಬಿಡುತ್ತಾರೆ. ಟೈಮರ್ ಒತ್ತುವ ಕ್ಷಣ ಯಾವುದು ಅನ್ನುವುದು ನನ್ನ ಮಟ್ಟಿಗೆ ಎಷ್ಟು ನಿಮಿಷ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ರೀಏಜೆಂಟ್ ನೀರಿಗೆ ತಾಗಿದ ಕ್ಷಣವೇ ಸೊನ್ನೆ. ಮುಚ್ಚಳ ಹಾಕಿದ್ದು, ಕ್ಯುವೆಟ್ ಒಳಗಿಟ್ಟದ್ದು ಇವು ಯಾವುವೂ ಸೊನ್ನೆಯಲ್ಲ.

340 ನ್ಯಾನೋಮೀಟರ್

ನಾನು ರಕ್ತ ಪರೀಕ್ಷೆಯ ಕಡೆಯಿಂದ. ನಮ್ಮಲ್ಲಿ ಟೈಮರ್ ಅಂದರೆ ಕಾಯುವುದಕ್ಕಷ್ಟೇ ಅಲ್ಲ, ಅಳತೆಯೇ ಅದರಲ್ಲಿದೆ. ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಎಎಲ್‌ಟಿ ಅನ್ನುವ ಲಿವರಿನ ಕಿಣ್ವ ಅಳೆಯುವಾಗ ಬಣ್ಣ ಎಷ್ಟು ಬಂತು ಅಂತ ನೋಡುವುದಿಲ್ಲ. ಎಷ್ಟು ವೇಗವಾಗಿ ಬದಲಾಗುತ್ತಿದೆ ಅಂತ ನೋಡುತ್ತೇವೆ. ಎನ್‌ಎಡಿಎಚ್ ಅನ್ನುವ ವಸ್ತು ಕ್ರಿಯೆಯಲ್ಲಿ ಖರ್ಚಾಗುತ್ತಾ 340 ನ್ಯಾನೋಮೀಟರಿನಲ್ಲಿ ಅಬ್ಸಾರ್ಬೆನ್ಸ್ ಇಳಿಯುತ್ತದೆ. ಸೀರಮ್ (ರಕ್ತದ ತಿಳಿ ಭಾಗ) ಹಾಕಿ ಕಲಸಿ ಸುಮಾರು ಒಂದು ನಿಮಿಷ ಬಿಡುತ್ತೇವೆ, ಕ್ರಿಯೆ ಹದಕ್ಕೆ ಬರಲಿ ಅಂತ. ಆಮೇಲೆ ಮೊದಲ ರೀಡಿಂಗ್, ಅಲ್ಲಿಂದ ನಿಮಿಷಕ್ಕೊಂದರಂತೆ ಮೂರು. ನಿಮಿಷದ ಸರಾಸರಿ ಇಳಿತವನ್ನು ಕಿಟ್ಟಿನ ಫ್ಯಾಕ್ಟರಿನಿಂದ ಗುಣಿಸಬೇಕು. 1 ಮಿಲಿಲೀಟರ್ ರೀಏಜೆಂಟಿಗೆ 0.1 ಮಿಲಿಲೀಟರ್ ಸೀರಮ್ ಹಾಕುವ ಎಷ್ಟೋ ಕಿಟ್ಟುಗಳಲ್ಲಿ ಅದು 1746. ಇಳಿತ ನಿಮಿಷಕ್ಕೆ 0.042 ಇದ್ದರೆ ಉತ್ತರ ಸುಮಾರು 73 ಯೂನಿಟ್. ಒಂದು ನಿಮಿಷದ ಬದಲು 66 ಸೆಕೆಂಡಿಗೆ ಓದಿದರೆ ಇಳಿತ ಶೇಕಡಾ 10 ಜಾಸ್ತಿ ಕಾಣುತ್ತದೆ, ಉತ್ತರವೂ ಅಷ್ಟೇ ಏರುತ್ತದೆ. ಹಾಗಾಗಿ ಇಲ್ಲಿ ಕೈಯಲ್ಲಿ ಗಡಿಯಾರ ಹಿಡಿದು ಓದುವುದಕ್ಕಿಂತ ಉಪಕರಣವೇ ತಾನಾಗಿ ಓದುವುದು ಒಳ್ಳೆಯದು.

ನಾನು ಹೇಳಬೇಕು ಅಂದುಕೊಂಡ ಮುಖ್ಯ ವಿಷಯ ಇದು. ಸರಾಸರಿಯನ್ನು ಮಾತ್ರ ನೋಡಬೇಡಿ, ಮೂರೂ ವ್ಯತ್ಯಾಸಗಳನ್ನು ನೋಡಿ. 0.042, 0.041, 0.042 ಬಂದರೆ ನಂಬಬಹುದು. 0.12, 0.07, 0.03 ಬಂದರೆ ಒಳಗಿನ ಎನ್‌ಎಡಿಎಚ್ ಮುಗಿಯುತ್ತಾ ಬಂದಿದೆ. ಕಿಣ್ವ ವಿಪರೀತ ಜಾಸ್ತಿ ಇದ್ದರೆ ಆ ಮೊದಲ ಕಾಯುವ ನಿಮಿಷದಲ್ಲೇ ಎಲ್ಲ ಮುಗಿದುಹೋಗಿರುತ್ತದೆ. ಆಮೇಲೆ ಇಳಿತವೇ ಇಲ್ಲ. ಉಪಕರಣ ಸುಮ್ನೆ ಒಂದು ಸಣ್ಣ ಅಂಕಿ ತೋರಿಸುತ್ತದೆ. ಲಿವರ್ ತುಂಬಾ ಹಾಳಾಗಿರುವ ರೋಗಿಯ ರಿಪೋರ್ಟ್ ನಾರ್ಮಲ್ ಅಂತ ಹೋಗಿಬಿಡುತ್ತದೆ. ಮೊದಲ ರೀಡಿಂಗೇ ತೀರಾ ಕಡಿಮೆ ಇದ್ದರೆ ಸೀರಮ್ಮನ್ನು ಸಲೈನಿನಲ್ಲಿ ತೆಳು ಮಾಡಿ ಮತ್ತೆ ಓಡಿಸಿ. ಇದನ್ನು ಟೈಮರ್ ಹೇಳುವುದಿಲ್ಲ.

ಮೂತ್ರಪಿಂಡದ ಪರೀಕ್ಷೆಗೆ ಅಳೆಯುವ ಕ್ರಿಯಾಟಿನಿನ್ ಇನ್ನೊಂದು ರೀತಿ. 1886ರಲ್ಲಿ ಯಾಫೆ ಗುರುತಿಸಿದ ಪಿಕ್ರೇಟ್ ಕ್ರಿಯೆಯನ್ನು ಇವತ್ತಿಗೂ ಬಳಸುತ್ತೇವೆ. ಪಿಕ್ರೇಟ್ ಜೊತೆ ಕ್ರಿಯಾಟಿನಿನ್ ಮಾತ್ರ ಅಲ್ಲ, ಬೇರೆಯವೂ ಬಣ್ಣ ಕೊಡುತ್ತವೆ. ಅಸಿಟೋಅಸಿಟೇಟ್ ಬೇಗ ಕೊಡುತ್ತದೆ, ಪ್ರೋಟೀನ್ ನಿಧಾನವಾಗಿ. ಮೊದಲಿನ ಕೆಲವು ಸೆಕೆಂಡ್ ಬಿಟ್ಟು, ತಡವಾಗಿ ಬರುವವು ಶುರುವಾಗುವ ಮೊದಲು ಮುಗಿಸಿದರೆ ನಡುವಿನದು ಹೆಚ್ಚುಕಡಿಮೆ ಕ್ರಿಯಾಟಿನಿನ್ನಿನ ಪಾಲು. ಅದಕ್ಕೇ 30ನೇ ಸೆಕೆಂಡಿಗೆ ಒಂದು, 90ನೇ ಸೆಕೆಂಡಿಗೆ ಇನ್ನೊಂದು ರೀಡಿಂಗ್ ತೆಗೆದು ಕಳೆಯುವುದು. ಸಮಯವನ್ನೇ ಜರಡಿಯ ಹಾಗೆ ಬಳಸುವುದು ನನಗೆ ಇವತ್ತಿಗೂ ಬಹಳ ಇಷ್ಟವಾದ ಸಂಗತಿ.

ಹೊಸ ಕ್ಯುವೆಟ್

ಎಲ್ಲರಿಗೂ ಧನ್ಯವಾದ. ಇವತ್ತು ಬೆಳಗ್ಗೆ ಬೇಗ ಬಂದು ಒಂದು ಕೆಲಸ ಮಾಡಿದೆ. ಅದೇ 0.5 ಸ್ಟ್ಯಾಂಡರ್ಡನ್ನು ಒಂದೇ ಕ್ಯುವೆಟ್ಟಿನಲ್ಲಿ ಇಟ್ಟು, ರೀಏಜೆಂಟ್ ಬಿದ್ದ ಕ್ಷಣದಿಂದ ಎಣಿಸಿ ಓದುತ್ತಾ ಹೋದೆ. ಅಬ್ಸಾರ್ಬೆನ್ಸ್ ಹೀಗೆ ಬಂತು:

2 ನಿಮಿಷ: 0.220
4 ನಿಮಿಷ: 0.281
5 ನಿಮಿಷ: 0.304
6 ನಿಮಿಷ: 0.321
8 ನಿಮಿಷ: 0.341
10 ನಿಮಿಷ: 0.350
15 ನಿಮಿಷ: 0.352
25 ನಿಮಿಷ: 0.352

ನೋಡಿ ಮೈ ಜುಮ್ಮೆಂದಿತು. ಗೆರೆಯಿಂದ ಲೆಕ್ಕ ಹಾಕಿದಾಗ 5 ನಿಮಿಷದ ಹತ್ತಿರ ಓದಿದ್ದು 0.43 ಮಿಲಿಗ್ರಾಂ, 9 ನಿಮಿಷದ ಹತ್ತಿರ ಓದಿದ್ದು 0.49. ನನಗೆ ಬರುತ್ತಿದ್ದ ಅಂಕಿಗಳೇ ಇವು. ಹಳೆಯ ಪೈಪೆಟ್ ಸರ್ ಕಾಗದದ ಮೇಲೆ ಹೇಳಿದ್ದು ಟ್ಯೂಬಿನಲ್ಲಿ ಹಾಗೇ ಕಂಡಿತು. ನಮ್ಮ ಕ್ಯಾಲಿಬ್ರೇಷನ್ ಗೆರೆಯನ್ನು ಹಿಂದೆ ಇದ್ದವರು 10 ನಿಮಿಷ ಬಿಟ್ಟೇ ಮಾಡಿದ್ದರು ಅಂತ ಹಳೆಯ ನೋಟ್‌ಬುಕ್ಕಿನಲ್ಲಿ ಸಿಕ್ಕಿತು. ಎರಡು ವಾರದ ಫಲಿತಾಂಶಗಳನ್ನು ತಡೆಹಿಡಿಯಲು ಮೇಲಿನವರಿಗೆ ಹೇಳಿದ್ದೇನೆ. ಉಳಿದಿರುವ ಮಾದರಿಗಳಲ್ಲಿ ಇಡುವ ಅವಧಿ ಮೀರದವುಗಳನ್ನು ಮತ್ತೆ ಮಾಡುತ್ತೇನೆ.

ಈಗ ಪ್ರಶ್ನೆ: 12 ಟ್ಯೂಬಿಗೆ ಒಂದೇ ಟೈಮರಿನಲ್ಲಿ ಹೇಗೆ ಹೊಂದಿಸುವುದು?

ಹಳೆಯ ಪೈಪೆಟ್

ತಡೆಹಿಡಿಯಿರಿ ಅಂತ ನೀವೇ ಹೋಗಿ ಹೇಳಿದಿರಲ್ಲ, ಅದು ದೊಡ್ಡ ಕೆಲಸ. ಅದಕ್ಕೆ ಧೈರ್ಯ ಬೇಕು.

ನಿಮಗೆ ಸುಲಭದ ದಾರಿ ಇದೆ. ನಿಮ್ಮ ಪದ್ಧತಿಯಲ್ಲಿ 10ರಿಂದ 30 ನಿಮಿಷದವರೆಗೆ ಬಾಗಿಲು ತೆರೆದಿರುತ್ತದೆ. ಕೊನೆಯ ಟ್ಯೂಬಿಗೆ ಹಾಕಿದ ಮೇಲೆ ಟೈಮರ್ 10 ನಿಮಿಷಕ್ಕೆ ಇಡಿ. 12:45ಕ್ಕೆ ಓದಲು ಶುರು ಮಾಡಿದರೆ 20:05ಕ್ಕೆ ಕೊನೆಯದು. ಎಲ್ಲ ಟ್ಯೂಬಿನ ವಯಸ್ಸೂ 12ರಿಂದ 18 ನಿಮಿಷದೊಳಗೆ ಬರುತ್ತದೆ. ನಿಮ್ಮದೇ ಪಟ್ಟಿ ನೋಡಿ, ಅಲ್ಲಿ ಬಣ್ಣ ಅಲುಗುತ್ತಿಲ್ಲ.

ಸಮಯ ಕರಾರುವಾಕ್ಕಾಗಿ ಇರಬೇಕಾದ ಪರೀಕ್ಷೆ ಆದರೆ ಹಾಕುವ ಅಂತರವನ್ನೂ ಓದುವ ಅಂತರವನ್ನೂ ಒಂದೇ ಮಾಡಬೇಕು. ನಿಮಗೆ ಓದಲು 40 ಸೆಕೆಂಡ್ ಬೇಕು. ಹಾಗಾದರೆ 40 ಸೆಕೆಂಡಿಗೊಂದು ಟ್ಯೂಬಿಗೆ ಹಾಕಿ, 15ಕ್ಕೆ ಕೈ ಬಿಡುವಾದರೂ ಕಾಯಿರಿ. ಹನ್ನೆರಡನೆಯದಕ್ಕೆ ಹಾಕುವುದು 7:20ಕ್ಕೆ ಮುಗಿಯುತ್ತದೆ. 10:00ಕ್ಕೆ ಮೊದಲನೆಯದನ್ನು ಓದಿ, ಆಮೇಲೆ 40 ಸೆಕೆಂಡಿಗೊಂದು. ಎಲ್ಲದರ ವಯಸ್ಸೂ ಸರಿಯಾಗಿ 10 ನಿಮಿಷ. ಇದಕ್ಕೆ ಉಪಕರಣದ ಟೈಮರ್ ಸಾಲದು, ಮೇಲಕ್ಕೆ ಎಣಿಸುತ್ತಾ ಹೋಗುವ ಸ್ಟಾಪ್‌ವಾಚ್ ಎದುರಿಗಿರಲಿ.

ಚಳಿಯ ದಿನ ಪಟ್ಟಿಯನ್ನು ಇನ್ನೊಮ್ಮೆ ಮಾಡಿ. ತಣ್ಣಗಿದ್ದರೆ ಬಣ್ಣ ನಿಧಾನ. ಫ್ರಿಜ್ಜಿನಿಂದ ತೆಗೆದ ಮಾದರಿಗೆ ನೇರವಾಗಿ ರೀಏಜೆಂಟ್ ಹಾಕಿದರೆ ನಿಮ್ಮ 10 ನಿಮಿಷ ಸಾಲದೇ ಹೋಗಬಹುದು.

ಮುಚ್ಚಳ

ಒಂದು ಸಣ್ಣ ವಿಷಯ ಸೇರಿಸುತ್ತೇನೆ. ಕೆಲವು ಉಪಕರಣಗಳಲ್ಲಿ ಟೈಮರ್ ಸೊನ್ನೆಗೆ ಬಂದಾಗ ಬರೀ ಬೀಪ್. ಕೆಲವು ಸೊನ್ನೆಗೆ ಬಂದ ಕೂಡಲೇ ತಾವೇ ಓದಿಬಿಡುತ್ತವೆ. ನಾವು ಉಪಕರಣ ಬದಲಿಸಿದಾಗ ಇದು ಗೊತ್ತಿರಲಿಲ್ಲ. ಬೀಪ್ ಆದ ಮೇಲೆ ಕ್ಯುವೆಟ್ ಇಡುವ ಅಭ್ಯಾಸ ಇತ್ತು. ಅದು ಅಷ್ಟರಲ್ಲಿ ಒಳಗೇ ಇದ್ದ ಬ್ಲ್ಯಾಂಕನ್ನು ಓದಿ ಉತ್ತರ ಕೊಟ್ಟಿರುತ್ತಿತ್ತು. ನಿಮ್ಮದು ಯಾವ ಜಾತಿ ಅಂತ ಒಮ್ಮೆ ಖಾಲಿ ನೀರಿನಲ್ಲಿ ಓಡಿಸಿ ನೋಡಿ.

ಗುಂಡಿ ಎರಡು ಸಲ ಒತ್ತಿದರೆ ಕೌಂಟ್‌ಡೌನ್ ದಾಟಿ ಹೋಗುವ ಉಪಕರಣಗಳೂ ಇವೆ. ಗ್ಲೌಸ್ ಹಾಕಿದ ಕೈಯಲ್ಲಿ ಇದು ಆಗುತ್ತಿರುತ್ತದೆ.

ಬಣ್ಣ ನಿಲ್ಲಲಿ

ಸಲ್ಫೇಟ್ ಮಾಡುವವರು ಯಾರಾದರೂ ಇದ್ದೀರಾ? ಬೇರಿಯಂ ಕ್ಲೋರೈಡ್ ಹಾಕಿ ಕದಡುವ ವಿಧಾನ. ಇದೂ ನನಗೇ ಬರಲಿದೆಯಂತೆ. ಅರ್ಧ ಗಂಟೆ ಬಿಡುವ ನನ್ನ ಪದ್ಧತಿ ಇಲ್ಲಿ ನಡೆಯುವುದಿಲ್ಲ ಅಲ್ವಾ?

ಕ್ಲೋರಿನ್ ಕಾವಲು

ನಡೆಯುವುದಿಲ್ಲ. ಅಲ್ಲಿ ಅಳೆಯುವುದು ಬಣ್ಣವನ್ನಲ್ಲ, ಬೇರಿಯಂ ಸಲ್ಫೇಟಿನ ಸಣ್ಣ ಕಣಗಳಿಂದ ಬರುವ ಮಬ್ಬನ್ನು. ಕಣಗಳು ಬೆಳೆಯುತ್ತವೆ, ಆಮೇಲೆ ತಳಕ್ಕೆ ಇಳಿಯುತ್ತವೆ. ಹಾಗಾಗಿ ಅಲ್ಲಿನ ನಿಯಮ ಬಹಳ ಬಿಗಿ. ಹರಳು ಹಾಕಿ ಒಂದೇ ವೇಗದಲ್ಲಿ 60 ಸೆಕೆಂಡ್ ಕದಡಬೇಕು, 2 ಸೆಕೆಂಡ್ ಆಚೀಚೆ ಆಗಬಹುದು, ಅಷ್ಟೇ. ಕದಡುವುದು ನಿಂತ ಮೇಲೆ 5 ನಿಮಿಷಕ್ಕೆ ಓದಬೇಕು. ಅರ್ಧ ನಿಮಿಷ ಆಚೀಚೆ.

ನಾನು ಮೊದಲು 3 ನಿಮಿಷಕ್ಕೊಂದರಂತೆ ಶುರು ಮಾಡಿ ಸಿಕ್ಕಿಹಾಕಿಕೊಂಡಿದ್ದೆ. ಮೊದಲನೆಯದನ್ನು ಓದಬೇಕಾದ್ದು 6ನೇ ನಿಮಿಷಕ್ಕೆ, ಮೂರನೆಯದಕ್ಕೆ ಹರಳು ಹಾಕಬೇಕಾದ್ದೂ ಅದೇ 6ನೇ ನಿಮಿಷಕ್ಕೆ. ಕೈ ಎರಡೇ ಅಲ್ವಾ. ಈಗ 4 ನಿಮಿಷಕ್ಕೊಂದು. ಹರಳು ಬೀಳುವುದು 0, 4, 8, 12ಕ್ಕೆ. ಓದುವುದು 6, 10, 14, 18ಕ್ಕೆ. ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ. ಹನ್ನೆರಡು ಮಾದರಿಗೆ 50 ನಿಮಿಷ ಬೇಕು.

ಬಣ್ಣ ನಿಲ್ಲಲಿ

ಇದನ್ನು ಕಾಗದದಲ್ಲಿ ಬರೆದು ಬೆಂಚಿನ ಮೇಲೆ ಅಂಟಿಸಿಕೊಳ್ಳುತ್ತೇನೆ. ಓದುವ ಮುಂಚೆ ಕ್ಯುವೆಟ್ಟನ್ನು ಇನ್ನೊಮ್ಮೆ ಅಲುಗಿಸಬೇಕಾ, ಸುಮ್ನೆ ಬಿಡಬೇಕಾ?

ಕ್ಲೋರಿನ್ ಕಾವಲು

ಕದಡುವುದು ನಿಂತ ಕೂಡಲೇ ಕ್ಯುವೆಟ್ಟಿಗೆ ಸುರಿದು ಉಪಕರಣದ ಪಕ್ಕದಲ್ಲಿಡಿ. ಓದುವ ಹೊತ್ತಿಗೆ ಅಲುಗಿಸದೆ ಒಳಗಿಡಿ. ಸ್ಟ್ಯಾಂಡರ್ಡುಗಳಿಗೂ ಇದೇ ರೀತಿ, ಇದೇ ವೇಗ. ಮಾದರಿಗೆ ತನ್ನದೇ ಮಬ್ಬು ಅಥವಾ ಬಣ್ಣ ಇದ್ದರೆ ಬೇರಿಯಂ ಹಾಕದ ಒಂದು ಬ್ಲ್ಯಾಂಕ್ ಓದಿ ಕಳೆಯಿರಿ. ಅದನ್ನು ಆ ಮಾದರಿಗೆ ಹರಳು ಹಾಕಿದ ಮೇಲಿನ 3ನೇ ನಿಮಿಷದ ಖಾಲಿ ಜಾಗದಲ್ಲಿ ಮಾಡಬಹುದು, ಆಗ ಉಪಕರಣ ಬಿಡುವಾಗಿರುತ್ತದೆ.